ಎತ್ತರದ ಬೆಟ್ಟ ಹತ್ತಿದರೆ ಕಣ್ಣಿನ ಒತ್ತಡ ಏರುತ್ತದೆಯೇ?

ಪ್ರಶ್ನೆ: ನನಗೆ 54 ವರ್ಷ. ಕೆಲವು ವರ್ಷಗಳಿಂದ ಎರಡೂ ಕಣ್ಣಿಗೆ ಗ್ಲಾಕೋಮಾ ಇದೆ. ರಾತ್ರಿ ಲಟಾನೊಪ್ರೋಸ್ಟ್, ಬೆಳಿಗ್ಗೆ ಮತ್ತು ಸಂಜೆ ಟಿಮೊಲಾಲ್ ಡ್ರಾಪ್ಸ್ ಹಾಕುತ್ತೇನೆ. ಒತ್ತಡ 14ರಿಂದ 16ರ ಒಳಗೇ ಇದೆ. ಮಗಳ ಜೊತೆ ಸುಮಾರು 5,000 ಮೀಟರ್ ಎತ್ತರದವರೆಗಿನ ಟ್ರೆಕ್ಕಿಂಗ್‌ಗೆ ಹೊರಟಿದ್ದೇನೆ. ಮೇಲೆ ಹೋದಂತೆ ಹೊರಗಿನ ಗಾಳಿಯ ಒತ್ತಡ ಕಡಿಮೆ ಆಗುತ್ತದಲ್ಲ, ಆಗ ಕಣ್ಣೊಳಗಿನ ಒತ್ತಡ ಜಾಸ್ತಿ ಆಗುವುದಿಲ್ಲವೇ? ಮಗಳಿಗೆ ಲೇಸಿಕ್ (ಕನ್ನಡಕ ಬಿಡಿಸುವ ಲೇಸರ್ ಆಪರೇಷನ್) ಆಗಿದೆ, ಅವಳಿಗೆ ತೊಂದರೆ ಇದೆಯೇ? ಇನ್ನೊಂದು ಮಾತು. ನನ್ನ ಅಣ್ಣನಿಗೆ ಮೂರು ವಾರದ ಹಿಂದೆ ರೆಟಿನಾ ಆಪರೇಷನ್ ಆಗಿ, ಕಣ್ಣೊಳಗೆ ಗ್ಯಾಸ್ ತುಂಬಿಸಿದ್ದಾರೆ. ಮುಂದಿನ ವಾರ ನಮ್ಮ ಜೊತೆ ಅವರೂ ವಿಮಾನದಲ್ಲಿ ಬರುತ್ತೇನೆ ಅನ್ನುತ್ತಿದ್ದಾರೆ. ಬರಬಹುದೇ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುತ್ತೇನೆ, ಯಾಕೆಂದರೆ ಅದು ತುರ್ತಿನದು. ನಿಮ್ಮ ಅಣ್ಣನವರು ವಿಮಾನ ಹತ್ತಬಾರದು. ಟಿಕೆಟ್ ಆಗಿದ್ದರೆ ಇವತ್ತೇ ರದ್ದು ಮಾಡಿಸಿ. ಕಾರಿನಲ್ಲಿ ಬೆಟ್ಟದ ದಾರಿ ಹಿಡಿದು ಬರುತ್ತೇನೆ ಅಂದರೂ ಬೇಡ. ಆಪರೇಷನ್ ಮಾಡಿದ ಡಾಕ್ಟರ್ ಕಣ್ಣೊಳಗೆ ನೋಡಿ ‘ಗ್ಯಾಸ್ ಪೂರ್ತಿ ಹೋಗಿದೆ’ ಅಂತ ಹೇಳುವವರೆಗೆ ಅವರು ಈಗಿರುವ ಎತ್ತರದಲ್ಲೇ ಇರಲಿ.

ಇಷ್ಟು ಗಟ್ಟಿಯಾಗಿ ಹೇಳಲು ಕಾರಣವಿದೆ. ರೆಟಿನಾ, ಅಂದರೆ ಕಣ್ಣಿನ ಹಿಂಬದಿಯಲ್ಲಿ ಬೆಳಕು ಹಿಡಿಯುವ ಪರದೆ, ಬಿಟ್ಟುಕೊಂಡಾಗ ಅದನ್ನು ಮತ್ತೆ ಗೋಡೆಗೆ ಒತ್ತಿ ಹಿಡಿಯಲು ಕಣ್ಣೊಳಗೆ ಗ್ಯಾಸ್ ಗುಳ್ಳೆ ಬಿಡುತ್ತಾರೆ. ಬರೀ ಗಾಳಿ ತುಂಬಿದ್ದರೆ ಸುಮಾರು ಒಂದು ವಾರದಲ್ಲಿ ಕರಗುತ್ತದೆ. ಎಸ್‌ಎಫ್6 ಅನ್ನುವ ಗ್ಯಾಸ್ ಎರಡು ಮೂರು ವಾರ ಇರುತ್ತದೆ. ಸಿ3ಎಫ್8 ಆದರೆ ಆರರಿಂದ ಎಂಟು ವಾರ. ನಿಮ್ಮ ಅಣ್ಣನವರಿಗೆ ಯಾವುದನ್ನು ತುಂಬಿದ್ದಾರೋ ನೀವು ಬರೆದಿಲ್ಲ. ಯಾವುದೇ ಇರಲಿ, ಮೂರು ವಾರಕ್ಕೆ ‘ಇನ್ನು ಹೋಗಿರುತ್ತೆ ಬಿಡಿ’ ಅಂತ ನಾವೇ ಅಂದುಕೊಳ್ಳುವುದು ಅಪಾಯ.

ಸುತ್ತಲಿನ ಒತ್ತಡ ಕಡಿಮೆಯಾದರೆ ಗ್ಯಾಸ್ ಹಿಗ್ಗುತ್ತದೆ. ಸಮುದ್ರಮಟ್ಟದಲ್ಲಿ ಗಾಳಿಯ ಒತ್ತಡ ಪಾದರಸದ ಲೆಕ್ಕದಲ್ಲಿ 760 ಮಿಲಿಮೀಟರ್. ವಿಮಾನ ಎಷ್ಟೇ ಎತ್ತರದಲ್ಲಿ ಹಾರಲಿ, ಒಳಗಿನ ಗಾಳಿಯನ್ನು 1,800ರಿಂದ 2,400 ಮೀಟರ್ ಎತ್ತರದ ಬೆಟ್ಟದ ಮೇಲೆ ಇರುವಷ್ಟು ಒತ್ತಡಕ್ಕೆ ಇಟ್ಟಿರುತ್ತಾರೆ. 2,400 ಮೀಟರ್ ಅಂದರೆ ಸುಮಾರು 565 ಮಿಲಿಮೀಟರ್. ಕೆಳಗಿದ್ದ ಗುಳ್ಳೆ ಅಲ್ಲಿ ಮೂರನೇ ಒಂದು ಪಾಲಿನಷ್ಟು ದೊಡ್ಡದಾಗಲು ನೋಡುತ್ತದೆ. ಆದರೆ ಕಣ್ಣಿನ ಬಿಳಿಯ ಗೋಡೆ ಅಷ್ಟು ಹಿಗ್ಗುವಂಥದ್ದಲ್ಲ. ಜಾಗ ಸಿಗದ ಗ್ಯಾಸ್ ಒಳಗಿನ ಒತ್ತಡವನ್ನು ಏರಿಸುತ್ತಾ ಹೋಗುತ್ತದೆ. ಒಂದು ಹಂತ ದಾಟಿದರೆ ರೆಟಿನಾಕ್ಕೆ ರಕ್ತ ಕೊಡುವ ಮುಖ್ಯ ರಕ್ತನಾಳವೇ ಒತ್ತಿಕೊಂಡು ಮುಚ್ಚುತ್ತದೆ. ರಕ್ತ ನಿಂತು ಕೆಲವು ಗಂಟೆ ಕಳೆದರೆ ಸಾಕು, ಹೋದ ದೃಷ್ಟಿ ಮರಳಿ ಬರುವುದಿಲ್ಲ.

ರಸ್ತೆಯ ದಾರಿಯನ್ನೂ ಯಾಕೆ ಬೇಡ ಅಂದೆ ನೋಡಿ. ಸಮುದ್ರಮಟ್ಟದ ಆಸುಪಾಸಿನಲ್ಲಿ ಪ್ರತಿ 100 ಮೀಟರ್ ಏರಿದಾಗ ಹೊರಗಿನ ಒತ್ತಡ ಸುಮಾರು 9 ಮಿಲಿಮೀಟರ್ ಇಳಿಯುತ್ತದೆ. ಸಾಮಾನ್ಯ ಕಣ್ಣಿನ ಒತ್ತಡವೇ 10ರಿಂದ 21ರ ನಡುವೆ. ನಿಧಾನವಾಗಿ ಏರಿದರೆ ಕಣ್ಣೊಳಗಿನ ನೀರು ಸ್ವಲ್ಪ ಸ್ವಲ್ಪ ಹೊರಗೆ ಹರಿದು ಗುಳ್ಳೆಗೆ ಒಂದಿಷ್ಟು ಜಾಗ ಬಿಟ್ಟುಕೊಡುತ್ತದೆ, ನಿಜ. ಆದರೆ ಸರಸರನೆ ಏರುವ ರಸ್ತೆಯಲ್ಲಿ, ಕೆಲವೇ ನೂರು ಮೀಟರ್ ಎತ್ತರಕ್ಕೂ ಒತ್ತಡ ಅಪಾಯದ ಮಟ್ಟಕ್ಕೆ ಹೋಗಬಹುದು. ಗುಳ್ಳೆ ಚಿಕ್ಕದಾಗಿದ್ದರೆ ಪರವಾಗಿಲ್ಲ ಅನ್ನುವವರೂ ಇದ್ದಾರೆ. ನಾನು ಒಪ್ಪುವುದಿಲ್ಲ. ಒಂದು ಪ್ರಯಾಣ ಮುಂದೂಡಿದರೆ ಏನೂ ಹೋಗುವುದಿಲ್ಲ, ಅಲ್ವಾ?

ಗುಳ್ಳೆ ಇದೆಯೋ ಇಲ್ಲವೋ ಅನ್ನುವುದು ಎಷ್ಟೋ ಸಲ ರೋಗಿಗೇ ಕಾಣುತ್ತದೆ. ಮೊದಮೊದಲು ಎಲ್ಲವೂ ಮಬ್ಬು. ಆಮೇಲೆ ನೋಟದಲ್ಲಿ ಒಂದು ಅಡ್ಡಗೆರೆ ಮೂಡುತ್ತದೆ. ತಲೆ ಅಲ್ಲಾಡಿಸಿದರೆ ಗೆರೆಯೂ ತೂಗುತ್ತದೆ. ಅದರ ಮೇಲೆ ಸ್ಪಷ್ಟ, ಕೆಳಗೆ ಮಬ್ಬು. ಗ್ಯಾಸ್ ಹಗುರ, ಹಾಗಾಗಿ ಅದು ಕಣ್ಣಿನ ಮೇಲ್ಭಾಗದಲ್ಲಿ ಕೂತಿರುತ್ತದೆ. ರೆಟಿನಾದ ಮೇಲೆ ಬಿಂಬ ತಲೆಕೆಳಗಾಗಿ ಬೀಳುವುದರಿಂದ ರೋಗಿಗೆ ಮಾತ್ರ ಅದು ಕೆಳಗೆ ಇದ್ದಂತೆ ಕಾಣುತ್ತದೆ. ದಿನ ಕಳೆದಂತೆ ಗೆರೆ ಕೆಳಗೆ ಜಾರುತ್ತದೆ. ಕೊನೆಗೆ ದುಂಡನೆಯ ಕಪ್ಪಂಚಿನ ಗುಳ್ಳೆಯಾಗಿ ತಳದಲ್ಲಿ ಓಡಾಡಿ ಮಾಯವಾಗುತ್ತದೆ. ಅಣ್ಣನವರನ್ನು ಈ ಗೆರೆಯ ಬಗ್ಗೆ ಕೇಳಿ. ಇನ್ನೂ ಕಾಣುತ್ತಿದೆ ಅಂದರೆ ಮಾತು ಮುಗಿಯಿತು. ಕಾಣುತ್ತಿಲ್ಲ ಅಂದರೂ ಡಾಕ್ಟರ್ ನೋಡಿ ಹೇಳಬೇಕು. ಗ್ಯಾಸ್ ಬದಲು ಸಿಲಿಕೋನ್ ಎಣ್ಣೆ ತುಂಬಿದ್ದರೆ ಲೆಕ್ಕ ಬೇರೆ. ಎಣ್ಣೆ ಹಿಗ್ಗುವುದಿಲ್ಲ, ವಿಮಾನಕ್ಕೆ ಅಡ್ಡಿಯಿಲ್ಲ. ಇನ್ನೊಂದು ಎಚ್ಚರ: ಗ್ಯಾಸ್ ಇರುವಾಗ ಬೇರೆ ಯಾವುದಾದರೂ ಆಪರೇಷನ್, ಹಲ್ಲಿನ ಚಿಕಿತ್ಸೆ ಬಂದರೆ ಅರಿವಳಿಕೆ ಕೊಡುವವರಿಗೆ ಹೇಳಲೇಬೇಕು. ನೈಟ್ರಸ್ ಆಕ್ಸೈಡ್ ಅನ್ನುವ ಅರಿವಳಿಕೆ ಗ್ಯಾಸ್ ಕೊಟ್ಟರೆ ಅದು ಗುಳ್ಳೆಯೊಳಗೆ ನುಗ್ಗಿ, ನೆಲದ ಮೇಲಿದ್ದರೂ ಇದೇ ಅನಾಹುತ ಮಾಡುತ್ತದೆ. ಕಣ್ಣಲ್ಲಿ ಗ್ಯಾಸ್ ಇದೆ ಅಂತ ಎಚ್ಚರಿಸಲು ಆಪರೇಷನ್ ದಿನ ಕೈಗೆ ಕಟ್ಟಿದ ಪಟ್ಟಿ ಇದ್ದರೆ ಅದನ್ನು ಕತ್ತರಿಸಿ ಎಸೆಯದಿರಲಿ.

ಈಗ ನಿಮ್ಮ ವಿಷಯ. ನಿಮ್ಮ ಕಣ್ಣಲ್ಲಿ ಗ್ಯಾಸ್ ಇಲ್ಲ. ಹಾಗಾಗಿ ಮೇಲೆ ಹೇಳಿದ ಯಾವ ಭಯವೂ ನಿಮಗೆ ಅನ್ವಯಿಸುವುದಿಲ್ಲ.

ಬಾಯಿ ಬಿಗಿಯಾಗಿ ಮುಚ್ಚಿದ ಎರಡು ಪ್ಲಾಸ್ಟಿಕ್ ಬಾಟಲಿಗಳನ್ನು ಬೆಟ್ಟದ ಮೇಲೆ ಒಯ್ದರೆ, ಖಾಲಿ ಬಾಟಲಿ ಉಬ್ಬಿ ಬಿರುಸಾಗುತ್ತದೆ, ಕಂಠದವರೆಗೆ ನೀರು ತುಂಬಿದ್ದು ಹಾಗೇ ಇರುತ್ತದೆ. ಆರೋಗ್ಯವಂತ ಕಣ್ಣು ಎರಡನೆಯ ಬಾಟಲಿ. ಒಳಗೆ ಗಾಳಿಗೆ ಜಾಗವೇ ಇಲ್ಲ. ಮುಂದೆ ತಿಳಿನೀರು, ಹಿಂದೆ ಜೆಲ್ಲಿಯಂಥ ದ್ರವ. ವಿಮಾನದಲ್ಲಿ ಕಿವಿ ಕಟ್ಟಿಕೊಳ್ಳುತ್ತದೆ, ಸೈನಸ್ ನೋಯುತ್ತದೆ, ಯಾಕೆಂದರೆ ಅಲ್ಲಿ ಗಾಳಿ ಇದೆ. ಕಣ್ಣು ಆ ಗುಂಪಿಗೆ ಸೇರುವುದಿಲ್ಲ.

ಇನ್ನೂ ಒಂದು ಗೊಂದಲ ಬಿಡಿಸಬೇಕು. ನಿಮ್ಮ ಒತ್ತಡ 15 ಅಂದಾಗ ಅದರ ಅರ್ಥ, ಹೊರಗಿನ ಗಾಳಿಗಿಂತ 15 ಜಾಸ್ತಿ ಅಂತ. ಸಮುದ್ರಮಟ್ಟದಲ್ಲಿ ಒಟ್ಟು ಲೆಕ್ಕ 760ಕ್ಕೆ 15 ಸೇರಿಸಿ 775. 5,000 ಮೀಟರ್‌ನಲ್ಲಿ ಗಾಳಿಯ ಒತ್ತಡ ಸುಮಾರು 405. ಅಲ್ಲಿ ಒಟ್ಟು 420 ಆಗುತ್ತದೆ. ನಿಮ್ಮ ರಕ್ತ, ಮಾಂಸ, ಮೆದುಳು, ಕಣ್ಣು ಎಲ್ಲದರ ಮೇಲಿನ ಗಾಳಿಯ ಭಾರವೂ ಒಟ್ಟೊಟ್ಟಿಗೇ ಇಳಿಯುತ್ತದೆ. ವ್ಯತ್ಯಾಸದ 15 ಮಾತ್ರ ಹಾಗೇ ಉಳಿಯುತ್ತದೆ. ಆ 15 ಬರುವುದು ಬೇರೆ ಕಡೆಯಿಂದ. ಕಣ್ಣೊಳಗೆ ಪ್ರತಿ ನಿಮಿಷ 2ರಿಂದ 3 ಮೈಕ್ರೋಲೀಟರ್ ತಿಳಿನೀರು ಹುಟ್ಟುತ್ತದೆ. ಅಷ್ಟೇ ನೀರು ಕಪ್ಪುಗುಡ್ಡೆಯ ಅಂಚಿನ ಮೂಲೆಯಲ್ಲಿರುವ ಜಾಲರಿಯ ಮೂಲಕ ಸೋರಿ ರಕ್ತನಾಳ ಸೇರುತ್ತದೆ. ಹುಟ್ಟುವುದೆಷ್ಟು, ಹರಿದುಹೋಗುವುದು ಎಷ್ಟು ಸಲೀಸು, ಆ ರಕ್ತನಾಳದಲ್ಲಿ ಎಷ್ಟು ಒತ್ತಡವಿದೆ, ಈ ಮೂರರ ಮೇಲೆ ನಿಮ್ಮ ಕಣ್ಣಿನ ಒತ್ತಡ ನಿಂತಿದೆ. ಗಾಳಿಯ ಒತ್ತಡಕ್ಕೆ ಇಲ್ಲಿ ನೇರವಾದ ಕೈವಾಡವೇ ಇಲ್ಲ.

ಹಾಗಾದರೆ ಎತ್ತರದಲ್ಲಿ ಒತ್ತಡ ಬದಲಾಗುವುದೇ ಇಲ್ಲವೇ? ಸ್ವಲ್ಪ ಬದಲಾಗುತ್ತದೆ. ಕಾರಣ ಮಾತ್ರ ಆಕ್ಸಿಜನ್. ನೀರು ಹುಟ್ಟಿಸುವ ಅಂಗಾಂಶಕ್ಕೆ ಆಕ್ಸಿಜನ್ ಕಡಿಮೆಯಾಗುತ್ತದೆ. ಜೋರಾಗಿ ಉಸಿರಾಡುವುದರಿಂದ ರಕ್ತದ ಇಂಗಾಲದ ಡೈಆಕ್ಸೈಡ್ ಇಳಿಯುತ್ತದೆ. ನಡಿಗೆಯ ಶ್ರಮ, ಚಳಿ, ಮೈಯಲ್ಲಿ ನೀರಿನಂಶ ಕಡಿಮೆಯಾಗುವುದು ಎಲ್ಲವೂ ಸೇರಿಕೊಳ್ಳುತ್ತವೆ. ಇವುಗಳಲ್ಲಿ ಹೆಚ್ಚಿನವು ಒತ್ತಡವನ್ನು ಇಳಿಸುವ ಕಡೆಗೇ ತಳ್ಳುತ್ತವೆ. ಅಧ್ಯಯನಗಳಲ್ಲಿ ಕೆಲವು ಕಡೆ ಒತ್ತಡ ಇಳಿದಿದೆ, ಕೆಲವು ಕಡೆ ಮೊದಲು ಸ್ವಲ್ಪ ಏರಿ ಆಮೇಲೆ ಹಳೆಯ ಮಟ್ಟಕ್ಕೆ ಬಂದಿದೆ. ಏರಲಿ ಇಳಿಯಲಿ, ವ್ಯತ್ಯಾಸ ಸಾಮಾನ್ಯವಾಗಿ ಕೆಲವೇ ಮಿಲಿಮೀಟರ್. ಚೀನಾದ ಪಶ್ಚಿಮ ಅಂಚಿನಲ್ಲಿರುವ 7,546 ಮೀಟರ್ ಎತ್ತರದ ಮುಝ್‌ತಾಘ್ ಅತಾ ಶಿಖರಕ್ಕೆ ಹೊರಟ ಆರೋಗ್ಯವಂತ ಪರ್ವತಾರೋಹಿಗಳ ಕಣ್ಣನ್ನು ದಾರಿಯುದ್ದಕ್ಕೂ ಪರೀಕ್ಷಿಸಿದ ಅಧ್ಯಯನ 2010ರಲ್ಲಿ ಪ್ರಕಟವಾಯಿತು. ಅಷ್ಟು ಎತ್ತರದಲ್ಲೂ ಒತ್ತಡದ ಬದಲಾವಣೆ ಸಣ್ಣದೇ ಆಗಿತ್ತು, ಮತ್ತು ಅದು ರಕ್ತದ ಆಕ್ಸಿಜನ್ ಜೊತೆ ತಾಳೆಯಾಗುತ್ತಿತ್ತು. ಒತ್ತಡದ ಮಟ್ಟಿಗೆ ಇಂಥ ಆರೋಹಣ ಸುರಕ್ಷಿತ ಅಂತಲೇ ಆ ತಂಡ ತೀರ್ಮಾನಿಸಿತು. ಅವರೆಲ್ಲ ಆರೋಗ್ಯವಂತರು, ನಿಮಗೆ ಗ್ಲಾಕೋಮಾ ಇದೆ. ಈ ವ್ಯತ್ಯಾಸವನ್ನು ನಾನು ಮರೆತಿಲ್ಲ, ಅದಕ್ಕೆ ಬರುತ್ತೇನೆ.

ಅಳತೆಯಲ್ಲೂ ಒಂದು ಮೋಸವಿದೆ. ಹಳದಿ ಬಣ್ಣದ ಡ್ರಾಪ್ಸ್ ಹಾಕಿ, ನೀಲಿ ಬೆಳಕಿನ ಪುಟ್ಟ ಮೂತಿಯನ್ನು ಕಣ್ಣಿಗೆ ತಾಗಿಸಿ ಒತ್ತಡ ನೋಡುತ್ತಾರಲ್ಲ, ಅದು ಕಾರ್ನಿಯಾವನ್ನು ಚಪ್ಪಟೆ ಮಾಡಲು ಎಷ್ಟು ಬಲ ಬೇಕು ಅಂತ ಅಳೆಯುತ್ತದೆ. ಕಾರ್ನಿಯಾ ಅಂದರೆ ಕಪ್ಪುಗುಡ್ಡೆಯ ಮುಂದಿರುವ ಪಾರದರ್ಶಕ ಪರದೆ. ದಪ್ಪ ಸುಮಾರು ಅರ್ಧ ಮಿಲಿಮೀಟರ್. ಅದಕ್ಕೆ ರಕ್ತನಾಳವಿಲ್ಲ, ಆಕ್ಸಿಜನ್ನನ್ನು ಬಹುಪಾಲು ಹೊರಗಿನ ಗಾಳಿಯಿಂದಲೇ ಹೀರಿಕೊಳ್ಳುತ್ತದೆ. ಎತ್ತರದಲ್ಲಿ ಆಕ್ಸಿಜನ್ ಸಾಲದೆ ಅದರೊಳಗಿನ ನೀರು ಹೊರಹಾಕುವ ಕೆಲಸ ಕುಂಟುತ್ತದೆ, ಕಾರ್ನಿಯಾ ಸ್ವಲ್ಪ ಊದಿ ದಪ್ಪವಾಗುತ್ತದೆ. ದಪ್ಪ ಕಾರ್ನಿಯಾ ಇದ್ದರೆ ಯಂತ್ರ ಇರುವುದಕ್ಕಿಂತ ಜಾಸ್ತಿ ತೋರಿಸಬಹುದು. ಹಾಗಾಗಿ ಯಾರಾದರೂ ಕೈಯಲ್ಲಿ ಹಿಡಿಯುವ ಯಂತ್ರದಿಂದ ಮೇಲೆ ನಿಮ್ಮ ಕಣ್ಣು ನೋಡಿ 16 ಇದ್ದದ್ದು 18 ಆಗಿದೆ ಅಂದರೆ ಗಾಬರಿಪಡಬೇಡಿ. ನಿಮ್ಮ ಮನೆಯಲ್ಲೇ, ಒಂದೇ ದಿನದ ಬೆಳಿಗ್ಗೆಗೂ ಸಂಜೆಗೂ ಅಷ್ಟು ವ್ಯತ್ಯಾಸ ಇರುತ್ತದೆ. ಗ್ಲಾಕೋಮಾ ಇರುವವರಲ್ಲಿ ಅದಕ್ಕಿಂತಲೂ ಜಾಸ್ತಿ.

ನನಗೆ ಯೋಚನೆ ಇರುವುದು ಒತ್ತಡದ ಅಂಕಿಯ ಬಗ್ಗೆ ಅಲ್ಲ, ಕಣ್ಣಿನ ನರದ ಬಗ್ಗೆ. ಗ್ಲಾಕೋಮಾದಲ್ಲಿ ಹಾಳಾಗುವುದು ಆ ನರ. ಅದಕ್ಕೆ ಎರಡು ಬೇಕು: ರಕ್ತ ಒಳಗೆ ನುಗ್ಗಲು ಸಾಕಷ್ಟು ರಕ್ತದೊತ್ತಡ, ಮತ್ತು ಆ ರಕ್ತದಲ್ಲಿ ಸಾಕಷ್ಟು ಆಕ್ಸಿಜನ್. 5,000 ಮೀಟರ್‌ನಲ್ಲಿ ಗಾಳಿಯ ಆಕ್ಸಿಜನ್ ಕೆಳಗಿನದರ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಅಷ್ಟೇ. ಬೆರಳಿಗೆ ಸಿಕ್ಕಿಸಿ ನೋಡಿದರೆ ರಕ್ತದ ಆಕ್ಸಿಜನ್ 80ರ ಆಸುಪಾಸಿಗೆ ಇಳಿದಿರುವುದು ಅಲ್ಲಿ ಅಪರೂಪವಲ್ಲ. ನಿದ್ದೆಯಲ್ಲಿ ಇನ್ನೂ ಇಳಿಯುತ್ತದೆ. ಆರೋಗ್ಯವಂತ ಕಣ್ಣು ಇದನ್ನು ಸರಿದೂಗಿಸಲು ರೆಟಿನಾದ ರಕ್ತನಾಳಗಳನ್ನು ಹಿಗ್ಗಿಸಿ ರಕ್ತದ ಹರಿವು ಹೆಚ್ಚಿಸುತ್ತದೆ. ಎಷ್ಟೋ ಪರ್ವತಾರೋಹಿಗಳ ರೆಟಿನಾದಲ್ಲಿ ಸಣ್ಣ ಸಣ್ಣ ರಕ್ತದ ಕಲೆಗಳೂ ಕಾಣುತ್ತವೆ. ದೃಷ್ಟಿಯ ನಟ್ಟನಡುವಿನ ಜಾಗದಲ್ಲಿ ಆಗದಿದ್ದರೆ ಅವು ಗಮನಕ್ಕೂ ಬರುವುದಿಲ್ಲ, ಇಳಿದು ಕೆಲವು ವಾರಗಳಲ್ಲಿ ತಾನಾಗಿ ಹೋಗುತ್ತವೆ. ಈಗಾಗಲೇ ಬಹಳ ಸೊರಗಿದ ನರಕ್ಕೆ ಇಷ್ಟು ಸರಿದೂಗಿಸುವ ಶಕ್ತಿ ಇರುತ್ತದೆ ಅಂತ ಭರವಸೆ ಇಟ್ಟುಕೊಳ್ಳಲು ನನಗೆ ಮನಸ್ಸು ಬರುವುದಿಲ್ಲ.

ಹೀಗಾಗಿ ನನ್ನ ಸಲಹೆ ನಿಮ್ಮ ಫೀಲ್ಡ್ ಟೆಸ್ಟ್ ಮೇಲೆ, ಅಂದರೆ ನೋಟದ ಯಾವ ಭಾಗ ಕಾಣುತ್ತದೆ, ಯಾವುದು ಕಾಣುವುದಿಲ್ಲ ಅಂತ ಹೇಳುವ ಪರೀಕ್ಷೆಯ ಮೇಲೆ ನಿಂತಿದೆ. ಗ್ಲಾಕೋಮಾ ಇನ್ನೂ ಆರಂಭದ ಹಂತದಲ್ಲಿದ್ದು, ಕಳೆದ ಎರಡು ಮೂರು ಟೆಸ್ಟ್‌ಗಳಲ್ಲಿ ಅದೇ ಜಾಗದಲ್ಲಿ ನಿಂತಿದ್ದರೆ, ಧೈರ್ಯವಾಗಿ ಹೋಗಿ. ಮಧ್ಯಮ ಹಂತದಲ್ಲಿದ್ದರೂ ಒತ್ತಡ ಹಿಡಿತದಲ್ಲಿದ್ದರೆ ನಾನು ಬೇಡ ಅನ್ನುವುದಿಲ್ಲ. ಆದರೆ ಟೆಸ್ಟ್‌ನಲ್ಲಿ ಕಾಣದ ಕಪ್ಪು ಭಾಗ ದೃಷ್ಟಿಯ ನಡುಭಾಗಕ್ಕೆ ಹತ್ತಿರ ಬಂದಿದ್ದರೆ, ಅಥವಾ ಒತ್ತಡ ಸರಿಯಿದ್ದೂ ಟೆಸ್ಟ್‌ನಿಂದ ಟೆಸ್ಟ್‌ಗೆ ಕೆಡುತ್ತಿದ್ದರೆ, 5,000 ಮೀಟರ್ ಬಿಟ್ಟು ಕಡಿಮೆ ಎತ್ತರದ ದಾರಿ ಆರಿಸಿಕೊಳ್ಳಿ. ಇತ್ತೀಚೆಗೆ ಗ್ಲಾಕೋಮಾ ಆಪರೇಷನ್ ಆದವರೂ ಡಾಕ್ಟರ್ ಪೂರ್ತಿ ಬಿಡುಗಡೆ ಕೊಡುವವರೆಗೆ ಕಾಯಬೇಕು.

ಫೀಲ್ಡ್ ಟೆಸ್ಟ್ ಬಗ್ಗೆ ಇನ್ನೊಂದು ವಿಷಯ ಟ್ರೆಕ್ಕಿಂಗ್ ಮಾಡುವವರು ಕೇಳುವುದೇ ಇಲ್ಲ. ನಿಮ್ಮ ದೃಷ್ಟಿಯ ಕೆಳಭಾಗದಲ್ಲಿ ಏನಾದರೂ ಕಳೆದುಹೋಗಿದೆಯೇ ನೋಡಿಸಿ. ಕೆಳಭಾಗ ಹೋಗಿದ್ದರೆ ಹತ್ತುವಾಗ ಗೊತ್ತಾಗುವುದಿಲ್ಲ. ಇಳಿಯುವಾಗ ಕಾಲಿನ ಮುಂದಿನ ಕಲ್ಲೇ ಕಾಣುವುದಿಲ್ಲ. ಅದೂ ಅಲ್ಲದೆ ಮಂದ ಬೆಳಕಿನಲ್ಲಿ ನೋಡುವ ಶಕ್ತಿ 1,500 ಮೀಟರ್ ಎತ್ತರದಿಂದಲೇ ಕುಗ್ಗಲು ಶುರುವಾಗುತ್ತದೆ, ಯಾಕೆಂದರೆ ಕತ್ತಲಲ್ಲಿ ಕೆಲಸ ಮಾಡುವ ರೆಟಿನಾದ ಕಣಗಳಿಗೆ ಆಕ್ಸಿಜನ್ ಬಹಳ ಬೇಕು. ಬೆಳಗಿನ ಜಾವ ಕತ್ತಲಲ್ಲಿ ಶಿಖರಕ್ಕೆ ಹೊರಡುವ ದಿನ ಮಗಳನ್ನು ಮುಂದೆ ಬಿಟ್ಟು ನೀವು ಹಿಂದೆ ನಡೆಯಿರಿ. ಕೋಲು ಹಿಡಿಯಿರಿ. ತಲೆಗೆ ಕಟ್ಟುವ ಟಾರ್ಚ್ ಒಳ್ಳೆಯ ಬೆಳಕಿನದ್ದೇ ಇರಲಿ.

ಔಷಧಿಗಳ ಕಡೆ ಬರುತ್ತೇನೆ. ಎತ್ತರದ ಕಾಯಿಲೆ ಬರದಂತೆ ಕೊಡುವ ಡಯಾಮಾಕ್ಸ್ ಮಾತ್ರೆಯ ಹೆಸರು ನಿಮ್ಮ ತಂಡದಲ್ಲಿ ಖಂಡಿತ ಕೇಳುತ್ತದೆ. ಅದರೊಳಗಿನ ಔಷಧಿ ಅಸೆಟಜೋಲಮೈಡ್. 1954ರಿಂದ ಅದು ಗ್ಲಾಕೋಮಾಕ್ಕೆ ಕೊಡುವ ಔಷಧಿ ಕೂಡ. ಕಣ್ಣಿನಲ್ಲಿ ನೀರು ಹುಟ್ಟುವುದನ್ನು ಅದು ಕಡಿಮೆ ಮಾಡುತ್ತದೆ. ಮೂತ್ರಪಿಂಡದಲ್ಲಿ ಬೈಕಾರ್ಬೊನೇಟ್ ಹೊರಹಾಕಿಸಿ ರಕ್ತವನ್ನು ಸ್ವಲ್ಪ ಆಮ್ಲದ ಕಡೆ ತಿರುಗಿಸುತ್ತದೆ, ಆಗ ಉಸಿರಾಟ ಚುರುಕಾಗುತ್ತದೆ. ಅಂದರೆ ನಿಮ್ಮ ವಿಷಯದಲ್ಲಿ ಒಂದೇ ಮಾತ್ರೆ ಎರಡೂ ಕಡೆ ಒಳ್ಳೆಯದು ಮಾಡುತ್ತದೆ. ಎತ್ತರದ ಕಾಯಿಲೆ ತಡೆಯಲು ಸಾಮಾನ್ಯವಾಗಿ ದಿನಕ್ಕೆ ಎರಡು ಸಲ 125 ಮಿಲಿಗ್ರಾಂ ಕೊಡುತ್ತಾರೆ. ಬೆರಳ ತುದಿ ಜುಮುಜುಮು ಅನ್ನುತ್ತದೆ, ಮೂತ್ರ ಜಾಸ್ತಿ ಆಗುತ್ತದೆ. ಅದಕ್ಕೆ ಹೆದರಬೇಕಿಲ್ಲ. ಆದರೆ ಸಲ್ಫಾ ಔಷಧಿಗೆ ಅಲರ್ಜಿ ಇದ್ದರೆ, ಕಿಡ್ನಿಯಲ್ಲಿ ಕಲ್ಲಾಗಿದ್ದರೆ, ಡಾಕ್ಟರಿಗೆ ಮೊದಲೇ ಹೇಳಿ. ಬಹಳ ಅಪರೂಪಕ್ಕೆ ಈ ಮಾತ್ರೆ ತೆಗೆದುಕೊಂಡ ಕೆಲವೇ ದಿನಗಳಲ್ಲಿ ದೂರದ್ದು ದಿಢೀರನೆ ಮಂಜಾಗಿ, ಕಣ್ಣಿನ ಒತ್ತಡ ಏರುವುದೂ ಉಂಟು. ಹಾಗಾದರೆ ಮಾತ್ರೆ ನಿಲ್ಲಿಸಿ ಇಳಿಯಬೇಕು. ಇದನ್ನು ಮನೆಯಲ್ಲೇ, ಹೊರಡುವ ಮೊದಲು ಎರಡು ದಿನ ತೆಗೆದುಕೊಂಡು ನೋಡುವುದು ಜಾಣತನ.

ಡೆಕ್ಸಾಮೆಥಾಸೋನ್ ಕೂಡ ಬೆಟ್ಟದಲ್ಲಿ ಇಟ್ಟುಕೊಳ್ಳುವ ಔಷಧಿಯೇ. ಅದು ಸ್ಟೀರಾಯ್ಡ್. ಗ್ಲಾಕೋಮಾ ಇರುವವರಲ್ಲಿ ಸ್ಟೀರಾಯ್ಡ್‌ಗೆ ಒತ್ತಡ ಏರುವ ಸಾಧ್ಯತೆ ಉಳಿದವರಿಗಿಂತ ಜಾಸ್ತಿ. ಆದರೆ ಅದಕ್ಕೆ ಸಾಮಾನ್ಯವಾಗಿ ವಾರಗಟ್ಟಲೆ ಬೇಕು. ಮೆದುಳು ಊದಿಕೊಂಡು ಜೀವಕ್ಕೆ ಕುತ್ತು ಬಂದಾಗ ಕಣ್ಣಿನ ನೆಪ ಹೇಳಿ ಅದನ್ನು ಬೇಡ ಅನ್ನಬೇಡಿ. ಇಳಿದು ಬಂದ ಮೇಲೆ ಒತ್ತಡ ನೋಡಿಸಿದರಾಯಿತು.

ನಿಮ್ಮ ಟಿಮೊಲಾಲ್ ಬಗ್ಗೆ ಮಾತ್ರ ಡಾಕ್ಟರ್ ಜೊತೆ ಕೂತು ಮಾತಾಡಿ. ಕಣ್ಣಿಗೆ ಹಾಕಿದ ಹನಿ ಮೂಗಿನ ದಾರಿಯಲ್ಲಿ ಇಳಿದು ರಕ್ತ ಸೇರುತ್ತದೆ, ಹೃದಯದ ಬಡಿತವನ್ನು ನಿಧಾನ ಮಾಡುತ್ತದೆ. ಕೆಳಗೆ ನಿಮಗೆ ಅದು ಗೊತ್ತೇ ಆಗುವುದಿಲ್ಲ. ಮೇಲೆ, ಆಕ್ಸಿಜನ್ ಕಡಿಮೆ ಇರುವಲ್ಲಿ, ಹೃದಯ ಜೋರಾಗಿ ಬಡಿದುಕೊಳ್ಳಬೇಕಾದ ಹೊತ್ತಿನಲ್ಲಿ ಈ ಕಡಿವಾಣ ಬೇಡವಾಗುತ್ತದೆ. ಬೇಗ ಸುಸ್ತಾಗುತ್ತೀರಿ. ಉಬ್ಬಸದ ಸ್ವಭಾವ ಇದ್ದರಂತೂ ತೊಂದರೆ. ಬದಲಿಗೆ ಡೊರ್ಜೊಲಮೈಡ್ ಅಥವಾ ಬ್ರಿಂಜೊಲಮೈಡ್ ಹಾಕಬಹುದೇ ಕೇಳಿ. ಇವು ಡಯಾಮಾಕ್ಸ್ ಕುಟುಂಬದ ಡ್ರಾಪ್ಸ್, ಆದರೆ ಎತ್ತರದ ಕಾಯಿಲೆಯನ್ನು ತಡೆಯುವುದಿಲ್ಲ. ಬದಲಾಯಿಸುವುದಾದರೆ ಹೊರಡುವ ಒಂದು ತಿಂಗಳು ಮೊದಲೇ ಬದಲಾಯಿಸಿ, ಹೊಸ ಡ್ರಾಪ್ಸ್‌ನಲ್ಲಿ ಒತ್ತಡ ಎಷ್ಟಿದೆ ನೋಡಿಸಬೇಕು. ನಿಮ್ಮ ಪ್ರಯಾಣ ಮುಂದಿನ ವಾರವೇ ಆದ್ದರಿಂದ ಈಗ ಅಷ್ಟು ಸಮಯ ಇಲ್ಲ. ಟಿಮೊಲಾಲ್ ಮುಂದುವರಿಸಿ ಅಂದರೆ ಹನಿ ಹಾಕಿದ ಮೇಲೆ ಕಣ್ಣು ಮುಚ್ಚಿ, ಮೂಗಿನ ಪಕ್ಕದ ಕಣ್ಣಿನ ಮೂಲೆಯನ್ನು ಬೆರಳಿನಿಂದ ಎರಡು ನಿಮಿಷ ಒತ್ತಿ ಹಿಡಿಯಿರಿ. ರಕ್ತಕ್ಕೆ ಹೋಗುವ ಪಾಲು ಬಹಳಷ್ಟು ಕಡಿಮೆಯಾಗುತ್ತದೆ. ಯಾರನ್ನೂ ಕೇಳದೆ ನೀವೇ ನಿಲ್ಲಿಸಬೇಡಿ.

ಇದಕ್ಕಿಂತ ಮುಖ್ಯವಾದ ಒಂದು ಪ್ರಶ್ನೆ ಉಳಿದಿದೆ: ನಿಮ್ಮ ಗ್ಲಾಕೋಮಾ ಯಾವ ಬಗೆಯದು? ನೀರು ಹರಿದುಹೋಗುವ ಮೂಲೆ ಅಗಲವಾಗಿದೆಯೋ, ಕಿರಿದಾಗಿದೆಯೋ? ನಿಮ್ಮ ಕಾಗದದಲ್ಲಿ ‘ಓಪನ್ ಆ್ಯಂಗಲ್’ ಅಂತ ಬರೆದಿದ್ದರೆ ನೆಮ್ಮದಿ. ಮೂಲೆ ಕಿರಿದಾಗಿದೆ ಅಂತಿದ್ದರೆ, ಲೇಸರ್‌ನಿಂದ ಐರಿಸ್‌ನಲ್ಲಿ (ಪಾಪೆಯ ಸುತ್ತಲಿನ ಬಣ್ಣದ ಪರದೆಯಲ್ಲಿ) ಸಣ್ಣ ತೂತು ಮಾಡಿಸಿಕೊಂಡಿದ್ದೀರಾ ನೋಡಿ. ಮಾಡಿಸಿಲ್ಲವಾದರೆ, ಡಾಕ್ಟರ್ ಮೂಲೆ ಪರೀಕ್ಷಿಸಿ ಒಪ್ಪುವವರೆಗೆ ಹೊರಡಬೇಡಿ.

ಯಾಕೆ ಅಂದರೆ, ಮೂಲೆ ದಿಢೀರನೆ ಮುಚ್ಚಿಕೊಂಡರೆ ಒತ್ತಡ 50, 60ಕ್ಕೆ ಜಿಗಿಯುತ್ತದೆ. ಆಗ ಏನಾಗುತ್ತದೆ? ತಲೆ ಸಿಡಿಯುವಂಥ ನೋವು, ಹೊಟ್ಟೆ ತೊಳೆಸುವುದು, ವಾಂತಿ. ಎತ್ತರದ ಕಾಯಿಲೆಯ ಲಕ್ಷಣವೂ ಇದೇ. ತಲೆನೋವು, ವಾಂತಿ ಅಂದರೆ ಬೆಟ್ಟದಲ್ಲಿ ಎಲ್ಲರಿಗೂ ಮೊದಲು ಹೊಳೆಯುವುದು ಎತ್ತರದ ಕಾಯಿಲೆ. ಮಾತ್ರೆ ಕೊಟ್ಟು, ಮಲಗಿ ವಿಶ್ರಾಂತಿ ತೆಗೆದುಕೊಳ್ಳಿ ಅನ್ನುತ್ತಾರೆ. ಕಣ್ಣಿನ ನರ ಒಂದೇ ರಾತ್ರಿಯಲ್ಲಿ ಹಾಳಾಗಬಹುದು. ಅದನ್ನು ಪ್ರಚೋದಿಸುವ ಸಂಗತಿಗಳೂ ಅಲ್ಲಿ ಕೈಗೆಟಕುವಂತೆ ಇರುತ್ತವೆ. ಟೆಂಟ್‌ನ ಮಂದ ಬೆಳಕಲ್ಲಿ ಪಾಪೆ ಹಿಗ್ಗುತ್ತದೆ. ಮೂಗು ಕಟ್ಟಿದ್ದಕ್ಕೆ ನುಂಗುವ ನೆಗಡಿ ಮಾತ್ರೆ, ಪ್ರಯಾಣದ ವಾಂತಿ ತಡೆಯಲು ಕಿವಿಯ ಹಿಂದೆ ಅಂಟಿಸುವ ಸ್ಕೊಪೊಲಮಿನ್ ಪಟ್ಟಿ, ಇವೂ ಪಾಪೆಯನ್ನು ಹಿಗ್ಗಿಸುತ್ತವೆ.

ಮಗಳಿಗೆ ಈ ಪರೀಕ್ಷೆ ಹೇಳಿಕೊಡಿ. ತಲೆನೋವು ಬಂದಾಗ ಒಂದು ಕಣ್ಣು ಮುಚ್ಚಿ ಇನ್ನೊಂದರಿಂದ ನೋಡಿ, ಆಮೇಲೆ ಬದಲಾಯಿಸಿ. ಒಂದು ಕಣ್ಣು ಮಾತ್ರ ಮಂಜಾಗಿದೆಯೇ? ದೀಪದ ಸುತ್ತ ಬಣ್ಣದ ಬಳೆಗಳು ಕಾಣುತ್ತವೆಯೇ? ಆ ಕಣ್ಣು ಕೆಂಪಾಗಿದೆಯೇ? ಟಾರ್ಚ್ ಬಿಟ್ಟಾಗ ಅದರ ಪಾಪೆ ಇನ್ನೊಂದರಂತೆ ಕಿರಿದಾಗುತ್ತದೆಯೇ, ಅಥವಾ ಅರ್ಧ ಹಿಗ್ಗಿ ಹಾಗೇ ನಿಂತಿದೆಯೇ? ಎತ್ತರದ ಕಾಯಿಲೆ ಒಂದೇ ಕಣ್ಣನ್ನು ಕೆಂಪು ಮಾಡುವುದಿಲ್ಲ. ಹೀಗೆ ಕಂಡರೆ ಬೆಳಗಾಗಲಿ ಅಂತ ಕಾಯಬೇಡಿ. ಇಳಿದು ಕಣ್ಣಿನ ಡಾಕ್ಟರ್ ಹತ್ತಿರ ಹೋಗುವ ಏರ್ಪಾಡು ಆಗಲೇ ಮಾಡಿ. ಕತ್ತಲಲ್ಲಿ ಇಳಿಯುವುದೇ ಅಪಾಯ ಅನ್ನುವ ಜಾಗವಾದರೆ, ಅಲರ್ಜಿ ಇಲ್ಲದಿದ್ದಲ್ಲಿ ಡಯಾಮಾಕ್ಸ್ 500 ಮಿಲಿಗ್ರಾಂ ತೆಗೆದುಕೊಂಡು ಬೆಳಕು ಹರಿದ ಕೂಡಲೇ ಹೊರಡಬೇಕು. ಈ ಮಾತನ್ನೂ ನಿಮ್ಮ ಡಾಕ್ಟರ್ ಜೊತೆ ಮೊದಲೇ ಆಡಿಟ್ಟುಕೊಳ್ಳಿ.

ಎತ್ತರಕ್ಕಿಂತ ಅಲ್ಲಿ ನೀವು ಮಾಡುವ ಕೆಲಸಗಳೇ ಕಣ್ಣಿನ ಒತ್ತಡವನ್ನು ಜಾಸ್ತಿ ಏರುಪೇರು ಮಾಡುತ್ತವೆ. ಸಲೀಸಾಗಿ ನಡೆಯುವುದು ಒತ್ತಡ ಇಳಿಸುತ್ತದೆ. ಭಾರದ ಚೀಲವನ್ನು ಉಸಿರು ಬಿಗಿಹಿಡಿದು ಎತ್ತುವುದು ಏರಿಸುತ್ತದೆ. ಕತ್ತಿನ ಸುತ್ತ ಬಿಗಿಯಾಗಿ ಕಟ್ಟಿದ ಬಟ್ಟೆಯೂ ಅಷ್ಟೇ. ಮಲಗಿದಾಗ ಒತ್ತಡ ಕೆಲವು ಮಿಲಿಮೀಟರ್ ಏರುವುದು ಸಹಜ, ತಲೆಯ ಕಡೆ ಸ್ವಲ್ಪ ಎತ್ತರ ಮಾಡಿಕೊಳ್ಳಿ. ‘ಬೆಟ್ಟದಲ್ಲಿ ಚೆನ್ನಾಗಿ ನೀರು ಕುಡಿ’ ಅಂತ ಎಲ್ಲರೂ ಹೇಳುತ್ತಾರೆ, ಸರಿಯೇ. ಆದರೆ ಐದು ನಿಮಿಷದಲ್ಲಿ ಒಂದು ಲೀಟರ್ ಗಟಗಟ ಕುಡಿದರೆ ಗ್ಲಾಕೋಮಾ ಇರುವ ಕಣ್ಣಿನ ಒತ್ತಡ ಸ್ವಲ್ಪ ಹೊತ್ತು ಏರುತ್ತದೆ. ಕಣ್ಣಿನ ಡಾಕ್ಟರ್‌ಗಳು ಇದನ್ನೇ ಒಂದು ಪರೀಕ್ಷೆಯಾಗಿ ಬಳಸುವುದುಂಟು. ಅದೇ ನೀರನ್ನು ಗುಟುಕು ಗುಟುಕಾಗಿ ಕುಡಿಯಿರಿ. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗದ ಎತ್ತರ ದಿನಕ್ಕೆ 500 ಮೀಟರ್‌ಗಿಂತ ಜಾಸ್ತಿ ಏರದಿರಲಿ, ಮೂರು ನಾಲ್ಕು ದಿನಕ್ಕೊಮ್ಮೆ ಒಂದು ದಿನ ಅಲ್ಲೇ ನಿಲ್ಲಿ. ಆಕ್ಸಿಜನ್ ಇಳಿಕೆಗೆ ಮೈ ಒಗ್ಗಿಕೊಂಡಷ್ಟೂ ಕಣ್ಣಿನ ನರಕ್ಕೂ ಒಳ್ಳೆಯದು.

ಡ್ರಾಪ್ಸ್ ಬಾಟಲಿಯನ್ನು ಹಗಲು ಜಾಕೆಟ್ಟಿನ ಒಳಜೇಬಿನಲ್ಲಿ, ರಾತ್ರಿ ಸ್ಲೀಪಿಂಗ್ ಬ್ಯಾಗ್ ಒಳಗೆ ಇಟ್ಟುಕೊಳ್ಳಿ. ಹೆಪ್ಪುಗಟ್ಟಿದ ಡ್ರಾಪ್ಸ್ ಬಳಸಬಾರದು. ಎರಡನೇ ಸೆಟ್ ಮಗಳ ಚೀಲದಲ್ಲಿರಲಿ. ಮೇಲೆ ಮುಚ್ಚಳ ತೆರೆದಾಗ ಒಳಗಿನ ಗಾಳಿ ಹಿಗ್ಗಿ ಎರಡು ಮೂರು ಹನಿ ತಾನಾಗಿ ಚಿಮ್ಮಬಹುದು. ಹಾಗಾಗಿ ಬಾಟಲಿಯನ್ನು ನೆಟ್ಟಗೆ ಹಿಡಿದು ಮುಚ್ಚಳ ತೆಗೆದು, ಗಾಳಿ ಹೋಗಲು ಬಿಟ್ಟು, ಆಮೇಲೆ ಬಗ್ಗಿಸಿ. ಕಪ್ಪು ಕನ್ನಡಕ ಪಕ್ಕದಿಂದಲೂ ಮುಚ್ಚುವಂಥದ್ದಿರಲಿ. ಪ್ರತಿ 1,000 ಮೀಟರ್‌ಗೆ ಅತಿನೇರಳೆ ಕಿರಣ ಸುಮಾರು 10 ಶೇಕಡಾ ಹೆಚ್ಚುತ್ತದೆ, ಹೊಸ ಹಿಮ ಅದರ ಬಹುಪಾಲನ್ನು ಕಣ್ಣಿಗೇ ವಾಪಸ್ ಎರಚುತ್ತದೆ.

ಇನ್ನು ನಿಮ್ಮ ಮಗಳ ಲೇಸಿಕ್. ಆಗಿ ಕೆಲವು ತಿಂಗಳು ಕಳೆದಿದ್ದು, ಕಣ್ಣು ವಾಸಿಯಾಗಿದ್ದರೆ ಹೋಗಲು ಅಡ್ಡಿಯಿಲ್ಲ. ಬಹಳ ಎತ್ತರದಲ್ಲಿ ಕೆಲವರಿಗೆ ದೂರದ್ದು ಸ್ವಲ್ಪ ಮಸುಕಾಗುತ್ತದೆ, ಇಳಿದರೆ ಸರಿಹೋಗುತ್ತದೆ. ಕಣ್ಣು ಒಣಗುವುದು ಖಂಡಿತ, ಕಣ್ಣೀರಿನಂಥ ಡ್ರಾಪ್ಸ್ ಒಯ್ಯಲಿ. ಹಳೆಯ ಕಾಲದ ಆರ್‌ಕೆ ಆಪರೇಷನ್ ಆಗಿದ್ದರೆ ನಾನು ಇಷ್ಟು ಹಗುರವಾಗಿ ಹೇಳುತ್ತಿರಲಿಲ್ಲ. ಅದರಲ್ಲಿ ಕಾರ್ನಿಯಾಕ್ಕೆ ಬ್ಲೇಡಿನಿಂದ ಸುತ್ತ ಗೀರುಗಳನ್ನು ಹಾಕುತ್ತಿದ್ದರು. ಆಕ್ಸಿಜನ್ ಕಡಿಮೆಯಾದಾಗ ಗೀರಿನ ಜಾಗ ಊದಿಕೊಂಡು ಕಾರ್ನಿಯಾದ ಆಕಾರವೇ ಬದಲಾಗುತ್ತದೆ. 1996ರ ಮೇ ತಿಂಗಳಲ್ಲಿ ಎವರೆಸ್ಟ್ ಏರುತ್ತಿದ್ದ ಅಮೆರಿಕದ ವೈದ್ಯ ಬೆಕ್ ವೆದರ್ಸ್ ಅವರಿಗೆ ಹೀಗೇ ಆಗಿ, ದೃಷ್ಟಿ ಮಂಜಾಗಿ ಮುಂದೆ ಹೋಗಲಾರದೆ ಕಾಯುತ್ತಾ ನಿಂತರು. ಬಿರುಗಾಳಿಗೆ ಸಿಕ್ಕಿ ಸಾವಿನಂಚಿಗೆ ಹೋಗಿ ಬದುಕಿ ಬಂದರು. ಲೇಸಿಕ್ ಅಂಥದ್ದಲ್ಲ.

ಮಗಳ ವಿಷಯದಲ್ಲಿ ಬೆಟ್ಟಕ್ಕೆ ಸಂಬಂಧವಿಲ್ಲದ ಒಂದು ಮಾತು ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ನಿಮಗೆ ಗ್ಲಾಕೋಮಾ ಇರುವುದರಿಂದ ಅವರಿಗೂ ಬರುವ ಸಾಧ್ಯತೆ ಉಳಿದವರಿಗಿಂತ ಜಾಸ್ತಿ. ಲೇಸಿಕ್ ಆದ ಕಾರ್ನಿಯಾ ತೆಳುವಾಗಿರುತ್ತದೆ, ಯಂತ್ರ ನಿಜವಾದ ಒತ್ತಡಕ್ಕಿಂತ ಕಡಿಮೆ ತೋರಿಸುತ್ತದೆ. 14 ಅಂತ ಬಂದದ್ದು 18 ಇರಬಹುದು. ಕನ್ನಡಕದ ತೊಂದರೆ ಇಲ್ಲದ್ದರಿಂದ ಅವರು ಕಣ್ಣಿನ ಡಾಕ್ಟರ್ ಹತ್ತಿರ ಹೋಗುವುದನ್ನೇ ಬಿಟ್ಟಿರಲೂಬಹುದು. ಟ್ರೆಕ್ಕಿಂಗ್ ಮುಗಿಸಿ ಬಂದ ಮೇಲೆ ಕಣ್ಣಿನ ನರ ನೋಡಿಸಲಿ, ಫೀಲ್ಡ್ ಟೆಸ್ಟ್ ಮಾಡಿಸಲಿ. ಲೇಸಿಕ್‌ಗೆ ಮುಂಚೆ ಕಾರ್ನಿಯಾದ ದಪ್ಪ ಮತ್ತು ಕಣ್ಣಿನ ಒತ್ತಡ ಅಳೆದ ಹಳೆಯ ರಿಪೋರ್ಟ್ ಇದ್ದರೆ ಅದನ್ನೂ ಜೊತೆಗೆ ಕೊಂಡೊಯ್ಯಲಿ.